ಮುಖ ಬರೆಯಲು ಹೊರಟವನು, ಮಿಠಾಯಿಗೆ ಹೆಸರಾದವನು

ಸ್ಪೇನಿನ ಹೆಸರಾಂತ ಚಿತ್ರಕಾರ ವೆಲಾಸ್ಕೆಸ್ ಬಗ್ಗೆ ಬರೆಯುವವರು ಸಾವಿರ ಜನ ಇದ್ದಾರೆ. ನಾನು ಬರೆಯಲು ಹೊರಟಿರುವುದು ಅದೇ ಕಾಲದಲ್ಲಿ, ಅದೇ ಊರಲ್ಲಿ, ಅದೇ ರಾಜನ ಅರಮನೆಯ ಸುತ್ತ ಓಡಾಡಿಕೊಂಡಿದ್ದ ಇನ್ನೊಬ್ಬ ಚಿತ್ರಕಾರನ ಬಗ್ಗೆ. ಹೆಸರು ಹ್ವಾನ್ ವಾನ್ ದೆರ್ ಹಾಮೆನ್. ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ, 1596ರಲ್ಲಿ. ಸತ್ತಿದ್ದೂ ಅಲ್ಲೇ, 1631ರ ಮಾರ್ಚ್‌ನಲ್ಲಿ. ಆಗ ಅವನಿಗೆ ಇನ್ನೂ 35 ತುಂಬಿರಲಿಲ್ಲ.

ಇವತ್ತು ಇವನ ಹೆಸರು ಎಲ್ಲಾದರೂ ಕೇಳಿದರೆ ಅದು ಹಣ್ಣು, ಹೂವು, ಸಿಹಿತಿಂಡಿಗಳ ಚಿತ್ರಗಳಿಂದ. ಆದರೆ ಆಸಾಮಿಗೆ ಬೇಕಾಗಿದ್ದದ್ದು ಅದಲ್ಲ. ಮನುಷ್ಯರ ಮುಖ ಬರೆಯುವವನು ಅನ್ನಿಸಿಕೊಳ್ಳಬೇಕು, ಅರಮನೆಯ ಭಾವಚಿತ್ರಕಾರ ಆಗಬೇಕು ಅಂತ ಆಸೆ. ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ. ಅವನ ಕಾಲದವನೇ ಆದ ಫ್ರಾನ್ಸಿಸ್ಕೊ ಪಾಚೆಕೊ ಅನ್ನುವ ಚಿತ್ರಕಾರ ಚಿತ್ರಕಲೆಯ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಇದನ್ನು ಹೇಳಿಬಿಟ್ಟಿದ್ದಾನೆ. ವಾನ್ ದೆರ್ ಹಾಮೆನ್ ಹಣ್ಣುಗಳನ್ನು ಚೆನ್ನಾಗಿ ಬರೆದ, ಮಿಠಾಯಿಗಳನ್ನು ಇನ್ನೂ ಚೆನ್ನಾಗಿ ಬರೆದ, ಮನುಷ್ಯಾಕೃತಿ ಮತ್ತು ಭಾವಚಿತ್ರಗಳಿಗಿಂತ ಅದರಲ್ಲೇ ಅವನ ಕೈ ಮೇಲು, ಹಾಗಾಗಿ ತನಗೆ ಇಷ್ಟವಿಲ್ಲದಿದ್ದರೂ ಅದರಿಂದಲೇ ಹೆಸರಾದ. ಹೆಚ್ಚುಕಡಿಮೆ ಹೀಗೆ. ಹೊಗಳುತ್ತಲೇ ಚುಚ್ಚುವುದು ಅಂದರೆ ಇದೇ ನೋಡಿ.

ಈ ಪಾಚೆಕೊ ಯಾರು ಅಂತ ಗೊತ್ತಾದರೆ ಮಾತಿನ ರುಚಿ ಇನ್ನೂ ಜಾಸ್ತಿ ಆಗುತ್ತದೆ. ಅವನು ವೆಲಾಸ್ಕೆಸ್‌ನ ಗುರು. ಜೊತೆಗೆ ಮಾವ, ಹೆಣ್ಣು ಕೊಟ್ಟ ಮಾವ. ಅಳಿಯನ ಎದುರಾಳಿ ಬಗ್ಗೆ ಮಾವ ಬರೆದ ವಿಮರ್ಶೆಯನ್ನು ನಾಲ್ಕು ಶತಮಾನ ಜನ ತೀರ್ಪು ಅಂತ ಓದಿಕೊಂಡು ಬಂದಿದ್ದಾರೆ.

ಮೊದಲು ಮನೆತನದ ಕಥೆ. ಇವನ ಅಪ್ಪ ಬ್ರಸೆಲ್ಸ್‌ನವನು. ಇವತ್ತಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ಮತ್ತು ಸುತ್ತಲಿನ ಪ್ರಾಂತ್ಯಗಳು ಆಗ ಸ್ಪೇನಿನ ರಾಜಮನೆತನದ ಕೈಯಲ್ಲಿದ್ದವು. ಐದನೇ ಚಾರ್ಲ್ಸ್ ಹುಟ್ಟಿದ್ದೇ ಗೆಂಟ್ ನಗರದಲ್ಲಿ, 1500ರಲ್ಲಿ. ಅವನು ಸ್ಪೇನಿನ ರಾಜನಾಗಿ ಬಂದಾಗ ತನ್ನ ಊರಿನ ಕಡೆಯ ಅರಮನೆ ಪದ್ಧತಿ, ಅಧಿಕಾರಿಗಳು, ಕಾವಲುಗಾರರು ಎಲ್ಲವನ್ನೂ ಜೊತೆಗೇ ತಂದ. ಹಾಗೆ ಬಂದದ್ದು 'ಆರ್ಚೆರೋಸ್' ಅನ್ನುವ ಅಂಗರಕ್ಷಕ ದಳ. ರಾಜನಿಗೆ ತೀರಾ ಹತ್ತಿರ ನಿಲ್ಲುವವರು. ಆ ಕಡೆಯ ಮೂಲದ, ಒಳ್ಳೆಯ ಮನೆತನದ ಗಂಡಸರಿಗೆ ಮಾತ್ರ ಅದರಲ್ಲಿ ಜಾಗ. ಹೆಸರಿಗೆ ಬಿಲ್ಲುಗಾರರು, ಕೈಯಲ್ಲಿ ಹಿಡಿಯುತ್ತಿದ್ದದ್ದು ಮಾತ್ರ ಉದ್ದ ಕೋಲಿಗೆ ಅಲಗು ಸಿಕ್ಕಿಸಿದ ಆಯುಧ. ವಾನ್ ದೆರ್ ಹಾಮೆನ್‌ನ ಅಪ್ಪ ಈ ದಳದಲ್ಲಿದ್ದ. ಅಮ್ಮನ ಕಡೆಯೂ ಅರ್ಧ ಫ್ಲೆಮಿಶ್, ಅಂದರೆ ಫ್ಲಾಂಡರ್ಸ್ ಕಡೆಯ, ರಕ್ತವೇ. ಮುಂದೆ ಮಗನೂ ಅದೇ ದಳ ಸೇರಿದ, ಚಿತ್ರ ಬರೆಯುವುದನ್ನು ಬಿಡದೆ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಕಾಲದ ಸ್ಪೇನಿನಲ್ಲಿ ಚಿತ್ರ ಬರೆಯುವುದು ಕೈಕಸುಬೋ ಅಥವಾ ಕಾವ್ಯದ ಹಾಗೆ ಬುದ್ಧಿಯ ಕೆಲಸವೋ ಅಂತ ಜಗಳ ನಡೆಯುತ್ತಲೇ ಇತ್ತು. ಸುಮ್ನೆ ಬಾಯಿಮಾತಿನ ಜಗಳ ಅಲ್ಲ, ಕೋರ್ಟ್ ಕೇಸು. ಮಾರಿದ ಚಿತ್ರಕ್ಕೆ ಅಂಗಡಿ ಸಾಮಾನಿನ ಹಾಗೆ ತೆರಿಗೆ ಹಾಕಬೇಕೋ ಬೇಡವೋ ಅನ್ನುವುದು ವ್ಯಾಜ್ಯ. ಮಹಾಕವಿ ಲೋಪೆ ದೆ ವೆಗಾ ಬಂದು ಚಿತ್ರಕಾರರ ಪರವಾಗಿ ಸಾಕ್ಷಿ ಹೇಳಿದ. ಇಂಥ ಊರಲ್ಲಿ, ರಾಜನ ಅಂಗರಕ್ಷಕ ದಳದ ಸಮವಸ್ತ್ರ ಹಾಕುವ, ಅಣ್ಣತಮ್ಮಂದಿರು ಸಾಹಿತಿಗಳಾಗಿರುವ ಮನೆಯ ಹುಡುಗನಿಗೆ 'ಅವನಾ, ಹಣ್ಣು ಬರೆಯೋನು' ಅಂದರೆ ಹೇಗಾಗಬೇಡ? ಚಿತ್ರಗಳಲ್ಲೂ ಮೇಲು ಕೀಳು ಇತ್ತು. ದೇವರು ಮತ್ತು ಪುರಾಣದ ಚಿತ್ರ ಎಲ್ಲಕ್ಕಿಂತ ಮೇಲೆ. ಮನುಷ್ಯರ ಭಾವಚಿತ್ರ ಅದರ ಕೆಳಗೆ. ಬುಟ್ಟಿ, ತಟ್ಟೆ, ದ್ರಾಕ್ಷಿ ಗೊಂಚಲು ಎಲ್ಲಕ್ಕಿಂತ ಕೆಳಗೆ.

ಆದರೆ ಕೆಲಸ ಸಿಕ್ಕಿದ್ದು ಆ ಕೆಳಗಿನ ಮೆಟ್ಟಿಲಲ್ಲೇ. 1619ರಲ್ಲಿ ಅರಮನೆಯಿಂದ ಇವನಿಗೆ ಹಣ ಸಂದಾಯವಾದ ದಾಖಲೆ ಇದೆ. ಯಾವುದಕ್ಕೆ ಅಂದರೆ ಎಲ್ ಪಾರ್ದೊ ಅನ್ನುವ, ರಾಜರು ಬೇಟೆಗೆ ಹೋಗುತ್ತಿದ್ದ ಅರಮನೆಗೆ ಬರೆದ ಹಣ್ಣು ಮತ್ತು ಬೇಟೆ ಹಕ್ಕಿಗಳ ಒಂದು ಚಿತ್ರಕ್ಕೆ. ಅಲ್ಲಿ ಆಗಲೇ ಹ್ವಾನ್ ಸಾಂಚೆಸ್ ಕೊತಾನ್ ಬರೆದ ಚಿತ್ರಗಳಿದ್ದವು. ಅವುಗಳ ಸಾಲಿಗೆ ಹೊಂದುವಂಥದ್ದು ಒಂದು ಬೇಕಿತ್ತು. ಕೊತಾನ್ ಬೇರೆಯೇ ಜಾತಿಯ ಮನುಷ್ಯ. ಕಪ್ಪು ಕಿಟಕಿ ಚೌಕಟ್ಟಿನಲ್ಲಿ ಒಂದು ಎಲೆಕೋಸನ್ನು ದಾರಕ್ಕೆ ತೂಗುಹಾಕಿ ಬರೆದು, ಆಮೇಲೆ ಎಲ್ಲ ಬಿಟ್ಟು ಮಠ ಸೇರಿದವನು. ನಮ್ಮವನಿಗೆ ಮಠದ ಯೋಚನೆ ಇರಲಿಲ್ಲ. ಇವನಿಗೆ ಊರು ಬೇಕು, ಗೆಳೆಯರು ಬೇಕು, ಕವಿಗಳ ಗೋಷ್ಠಿ ಬೇಕು.

ಮಿಠಾಯಿ ಚಿತ್ರಗಳನ್ನು ನೋಡಿದರೆ ಜನ ಯಾಕೆ ಮುಗಿಬಿದ್ದರು ಅಂತ ಗೊತ್ತಾಗುತ್ತದೆ. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ 1627ರದ್ದು ಒಂದಿದೆ. ಮೆಟ್ಟಿಲು ಮೆಟ್ಟಿಲಾಗಿರುವ ಕಲ್ಲಿನ ಕಟ್ಟೆ. ಒಂದು ಮೆಟ್ಟಿಲ ಮೇಲೆ ತೆಳ್ಳನೆ ಮರದ ದುಂಡು ಡಬ್ಬಿಗಳು, ಒಂದರ ಮೇಲೊಂದು. ಒಳಗೆ ಬಾದಾಮಿ ಮಿಠಾಯಿಯೋ ಹಣ್ಣಿನ ಹಲ್ವಾನೋ ಇರುತ್ತಿತ್ತು. ಪಕ್ಕದಲ್ಲಿ ತಟ್ಟೆ ತುಂಬ ಸಕ್ಕರೆ ಪಾಕದ ಹಣ್ಣು, ಬಳೆ ಆಕಾರದ ತಿಂಡಿ. ಒಂದು ಕೆಂಪು ಮಣ್ಣಿನ ಪಾತ್ರೆ, ಗಾಜು. ಹಿಂದೆ ಪೂರ್ತಿ ಕತ್ತಲು. ಸಕ್ಕರೆ ಒಣಗಿ ಬಿಳಿಚಿಕೊಂಡ ಜಾಗ ಬೇರೆ, ಪಾಕ ಇನ್ನೂ ಅಂಟಂಟಾಗಿ ಹೊಳೆಯುವ ಜಾಗ ಬೇರೆ. ನೋಡುತ್ತಾ ನಿಂತರೆ ಬೆರಳು ಅಂಟಾದ ಹಾಗೆ ಅನ್ನಿಸುತ್ತದೆ. ಮ್ಯಾಡ್ರಿಡ್‌ನ ದೊಡ್ಡಮನೆಗಳಲ್ಲಿ ಬಂದವರಿಗೆ ಸಿಹಿ ಕೊಟ್ಟು, ಜೊತೆಗೆ ಸುವಾಸನೆಯ ಮಣ್ಣಿನ ಪಾತ್ರೆಯಲ್ಲಿ ತಣ್ಣನೆ ನೀರು ಕೊಡುವುದು ಮರ್ಯಾದೆ. ನಮ್ಮಲ್ಲಿ ಬೆಲ್ಲ ನೀರು ಕೊಡುತ್ತಿದ್ದರಲ್ಲ, ಹಾಗೆ, ಆದರೆ ಶ್ರೀಮಂತಿಕೆಯ ಪ್ರದರ್ಶನವೂ ಸೇರಿಕೊಂಡ ಹಾಗೆ. ಇವನ ಚಿತ್ರ ಗೋಡೆಗೆ ಬಿದ್ದರೆ ಆ ಉಪಚಾರ ವರ್ಷಪೂರ್ತಿ ಅಲ್ಲೇ ಇರುತ್ತದೆ.

ಸರಿ, ಮುಖದ ವಿಷಯಕ್ಕೆ ಬರೋಣ.

ಸ್ಪೇನಿನ ಅರಮನೆಯಲ್ಲಿ ಭಾವಚಿತ್ರಕ್ಕೆ ಒಂದು ಕಟ್ಟುನಿಟ್ಟಿನ ರೂಢಿ ಇತ್ತು. ಅದನ್ನು ಹಾಕಿಕೊಟ್ಟವನೂ ಉತ್ತರದಿಂದ ಬಂದವನೇ, ಉಟ್ರೆಕ್ಟ್‌ನ ಆಂಟೊನಿಸ್ ಮೋರ್, ಎರಡನೇ ಫಿಲಿಪ್‌ನ ಕಾಲದಲ್ಲಿ. ನಿಂತ ಭಂಗಿ, ಖಾಲಿ ಹಿನ್ನೆಲೆ, ಒಂದು ಕೈ ಕುರ್ಚಿಯ ಮೇಲೋ ಮೇಜಿನ ಮೇಲೋ, ಬಟ್ಟೆಯ ಒಂದೊಂದು ಗುಂಡಿ, ಒಂದೊಂದು ಜರಿ ಎಳೆ ಲೆಕ್ಕ ಹಾಕುವಷ್ಟು ಸ್ಪಷ್ಟ, ಮುಖದಲ್ಲಿ ಮಾತ್ರ ಏನೂ ಬಿಟ್ಟುಕೊಡದ ಗಾಂಭೀರ್ಯ. ಮೋರ್ ಆದಮೇಲೆ ಸಾಂಚೆಸ್ ಕೊಯೆಲ್ಲೊ, ಪಾಂತೋಹಾ, ವಿಲ್ಯಾಂದ್ರಾಂದೊ, ಬಾರ್ತೊಲೊಮೆ ಗೊನ್ಸಾಲೆಸ್, ಹೀಗೆ ಕೈಯಿಂದ ಕೈಗೆ ಆ ರೂಢಿ ಸಾಗಿ ಬಂತು. ವಾನ್ ದೆರ್ ಹಾಮೆನ್ ಬೆಳೆದದ್ದು ಈ ಚಿತ್ರಗಳ ನಡುವೆ. ಲೋಹ, ಗಾಜು, ಬಟ್ಟೆಯ ಮೇಲೆ ಬೆಳಕು ಹೇಗೆ ಕೂರುತ್ತದೆ ಅಂತ ಬಿಡಿಸಿ ನೋಡುವ ಫ್ಲೆಮಿಶ್ ಕಣ್ಣು ಅವನಿಗಿತ್ತು. ಲೆಕ್ಕದ ಪ್ರಕಾರ ಮುಂದಿನ ಸರದಿ ಇವನದ್ದೇ ಆಗಬೇಕಿತ್ತು.

1621ರಲ್ಲಿ ಹೊಸ ರಾಜ ಬಂದ. ನಾಲ್ಕನೇ ಫಿಲಿಪ್, ಇನ್ನೂ 16 ತುಂಬಿರದ ಹುಡುಗ. ಆಡಳಿತವೆಲ್ಲ ಒಲಿವಾರೆಸ್ ಅನ್ನುವ ಮಂತ್ರಿಯ ಕೈಯಲ್ಲಿ. ಒಲಿವಾರೆಸ್‌ಗೆ ದಕ್ಷಿಣ ಸ್ಪೇನಿನ ಸೆವಿಲ್ಯ ನಗರದ ನಂಟು ಜಾಸ್ತಿ. 1623ರಲ್ಲಿ ಸೆವಿಲ್ಯದಿಂದ 24ರ ಒಬ್ಬ ಹುಡುಗ ಬಂದ. ಆಗಸ್ಟ್ ಕೊನೆಯಲ್ಲಿ ರಾಜನ ಚಿತ್ರ ಬರೆದ. ಅಕ್ಟೋಬರ್ 6ರಂದು ರಾಜನ ಚಿತ್ರಕಾರನಾಗಿ ನೇಮಕ ಆಯಿತು, ತಿಂಗಳಿಗೆ 20 ದುಕಾತ್ ಸಂಬಳ. ಅವನೇ ವೆಲಾಸ್ಕೆಸ್. ಇನ್ನುಮುಂದೆ ರಾಜನನ್ನು ಬರೆಯುವ ಅಧಿಕಾರ ಅವನೊಬ್ಬನಿಗೇ, ಉಳಿದವರು ಬರೆದ ರಾಜನ ಚಿತ್ರಗಳನ್ನು ವಾಪಸ್ ತೆಗೆಸುತ್ತೇವೆ ಅಂತ ಒಲಿವಾರೆಸ್ ಭರವಸೆ ಕೊಟ್ಟನಂತೆ. ಇದನ್ನು ಬರೆದಿಟ್ಟವನೂ ಮಾವ ಪಾಚೆಕೊನೇ. ಹಾಗಾಗಿ ಒಂದು ಹಿಡಿ ಉಪ್ಪು ಸೇರಿಸಿಕೊಂಡೇ ಓದಬೇಕು. ಆದರೂ ಬಾಗಿಲು ಮುಚ್ಚಿದ್ದು ಮಾತ್ರ ನಿಜ.

ಒಂದು ಸಣ್ಣ ಅಡ್ಡದಾರಿ. ಆಗ ಪೋರ್ಚುಗಲ್ ಕೂಡ ಸ್ಪೇನಿನ ರಾಜನದ್ದೇ, ಅಂದರೆ ಗೋವೆಯ ಒಡೆಯನೂ ಇದೇ ಫಿಲಿಪ್. ವೆಲಾಸ್ಕೆಸ್‌ಗೆ ಕೆಲಸ ಸಿಕ್ಕಿದ ಅದೇ 1623ರ ಕೊನೆಯಲ್ಲಿ ಗೋವೆಯಿಂದ ಒಂದು ರಾಯಭಾರ ಹೊನ್ನಾವರ, ಗೇರುಸೊಪ್ಪೆ ಹಾದು ಘಟ್ಟ ಹತ್ತಿ ಇಕ್ಕೇರಿಗೆ, ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಬಂತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ಗುಂಪಿನ ಜೊತೆಗಿದ್ದ. ಇಕ್ಕೇರಿಯಲ್ಲಿ ಕಂಡದ್ದನ್ನೆಲ್ಲ ಬರೆದಿಟ್ಟ. ನಮ್ಮ ಮಲೆನಾಡಿನ ಕಾಳುಮೆಣಸಿನ ವ್ಯಾಪಾರದಲ್ಲಿ ಯಾರ ಹೆಸರು ಮುಂದಿಟ್ಟು ಮಾತುಕತೆ ನಡೆಯುತ್ತಿತ್ತೋ, ಆ ರಾಜನ ಮುಖ ಬರೆಯುವುದು ಯಾರು ಅಂತ ಅಲ್ಲಿ ಮ್ಯಾಡ್ರಿಡ್‌ನಲ್ಲಿ ಪೈಪೋಟಿ.

ವಾಪಸ್ ಬರೋಣ. ವಾನ್ ದೆರ್ ಹಾಮೆನ್ ಕೈಕಟ್ಟಿ ಕೂರಲಿಲ್ಲ. ರಾಜ ಸಿಗದಿದ್ದರೆ ಬೇಡ, ಊರಲ್ಲಿ ಕವಿಗಳಿದ್ದಾರಲ್ಲ! ಮ್ಯಾಡ್ರಿಡ್‌ನ ಸಾಹಿತಿಗಳ, ವಿದ್ವಾಂಸರ ಭಾವಚಿತ್ರಗಳ ಒಂದು ಮಾಲಿಕೆಯನ್ನೇ ಬರೆದ. ಲೋಪೆ ದೆ ವೆಗಾ, ಗೊಂಗೊರಾ, ಕೆವೆಡೊ, ಎಲ್ಲ ಅದರಲ್ಲಿದ್ದರು. ಒಬ್ಬರನ್ನೊಬ್ಬರು ಕಂಡರೆ ಆಗದವರು. ಗೊಂಗೊರಾ ಮತ್ತು ಕೆವೆಡೊ ಪದ್ಯದಲ್ಲೇ ಒಬ್ಬರ ಮಾನ ಒಬ್ಬರು ಹರಾಜು ಹಾಕುತ್ತಿದ್ದ ಕಾಲ ಅದು. ಅವರೆಲ್ಲ ಇವನ ಮಾಲಿಕೆಯಲ್ಲಿ ಒಂದೇ ಸಾಲಿನಲ್ಲಿ. ಬದಲಿಗೆ ಲೋಪೆ ಇವನನ್ನು ಹೊಗಳಿ ಸಾನೆಟ್ ಬರೆದ. ಕವಿಗಳ ಹೊಗಳಿಕೆಗೆ ಸಂಬಳ ಇರಲ್ಲ, ಆದರೆ ಹೆಸರು ಹರಡುತ್ತದೆ. ಬೇಸರದ ಸಂಗತಿ ಅಂದರೆ ಈ ಮಾಲಿಕೆಯ ಬಹುಪಾಲು ಇವತ್ತು ಎಲ್ಲಿದೆಯೋ ಪತ್ತೆ ಇಲ್ಲ.

ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಸಂಗ 1626ರದ್ದು. ಆ ವರ್ಷ ರೋಮ್‌ನಿಂದ ಕಾರ್ಡಿನಲ್ ಫ್ರಾನ್ಸೆಸ್ಕೊ ಬಾರ್ಬೆರಿನಿ ಮ್ಯಾಡ್ರಿಡ್‌ಗೆ ಬಂದ. ಪೋಪ್ ಎಂಟನೇ ಅರ್ಬನ್‌ನ ಅಣ್ಣನ ಮಗ, ಇನ್ನೂ ಮೂವತ್ತು ತುಂಬಿರದ ಯುವಕ, ಆದರೆ ಪೋಪ್‌ನ ಪ್ರತಿನಿಧಿ. ಇಡೀ ಊರು ಅವನ ಸುತ್ತ. ಜೊತೆಗೆ ಬಂದವರಲ್ಲಿ ಕಸ್ಸಿಯಾನೊ ದಲ್ ಪೊಟ್ಸೊ ಅನ್ನುವವನಿದ್ದ. ವಿದ್ವಾಂಸ, ಕಲೆಯ ಹುಚ್ಚಿನವನು, ಮುಂದೆ ಪುಸ್ಸೆನ್‌ನಂಥ ಚಿತ್ರಕಾರನಿಗೆ ಬೆನ್ನೆಲುಬಾಗಿ ನಿಂತವನು. ಪುಣ್ಯಕ್ಕೆ ಅವನಿಗೆ ದಿನಚರಿ ಬರೆಯುವ ಅಭ್ಯಾಸ.

ಕಾರ್ಡಿನಲ್ ಬಂದಮೇಲೆ ಭಾವಚಿತ್ರ ಆಗಬೇಕಲ್ಲ. ಸಹಜವಾಗಿಯೇ ರಾಜನ ಚಿತ್ರಕಾರ ವೆಲಾಸ್ಕೆಸ್‌ನನ್ನು ಕರೆಸಿದರು. ಬರೆದ. ಚಿತ್ರ ನೋಡಿ ಇಟಲಿಯವರ ಮುಖ ಸಪ್ಪೆ ಆಯಿತು. ಮುಖಭಾವ ತೀರಾ ವಿಷಣ್ಣವಾಗಿದೆ, ಬಿರುಸಾಗಿದೆ ಅಂತ ಕಸ್ಸಿಯಾನೊ ದಿನಚರಿಯಲ್ಲಿ ಗೀಚಿದ. ಆಮೇಲೆ ಇನ್ನೊಬ್ಬನಿಗೆ ಹೇಳಿ ಕಳಿಸಿದರು. ಅವನು ನಮ್ಮ ವಾನ್ ದೆರ್ ಹಾಮೆನ್. ಕಾರ್ಡಿನಲ್ ಮತ್ತೆ ಕೂತ, ಇವನು ಬರೆದ, ಅವರಿಗೆ ಇದೇ ಹೆಚ್ಚು ಹಿಡಿಸಿತು.

ಸ್ವಲ್ಪ ಯೋಚಿಸಿ. ಪ್ರಪಂಚದ ಭಾವಚಿತ್ರಕಾರರಲ್ಲಿ ಮೊದಲ ಸಾಲಿಗೆ ಸೇರುವ ವೆಲಾಸ್ಕೆಸ್ ಬರೆದ ಮುಖವನ್ನು ಪಕ್ಕಕ್ಕಿಟ್ಟು, ಅದೇ ಮುಖವನ್ನು ಇನ್ನೊಬ್ಬನ ಕೈಯಲ್ಲಿ ಬರೆಸಿದ್ದಾರೆ. ಇವತ್ತಿನ ಕಣ್ಣಿಗೆ ವೆಲಾಸ್ಕೆಸ್‌ನ ಆ ಬಿರುಸೇ ದೊಡ್ಡ ಗುಣ. ನಮಗೆ ಅದೇ ಸತ್ಯ ಅನ್ನಿಸುತ್ತದೆ. ಆದರೆ ಚಿತ್ರಕ್ಕೆ ಕೂತವನಿಗೆ ಸತ್ಯ ಬೇಕಾಗಿರಲ್ಲ, ಮದುವೆ ಫೋಟೋಗ್ರಾಫರ್‌ಗಳನ್ನು ಕೇಳಿ ಬೇಕಾದರೆ. ಹಾಗಂತ ವಾನ್ ದೆರ್ ಹಾಮೆನ್ ಬರೀ ಮುಖಸ್ತುತಿ ಮಾಡಿದ ಅಂತಲೂ ಹೇಳಲಾಗದು. ಎರಡೂ ಚಿತ್ರ ಇವತ್ತು ಇಲ್ಲ, ಕಳೆದುಹೋಗಿವೆ. ಪಕ್ಕಪಕ್ಕ ಇಟ್ಟು ನೋಡುವ ಭಾಗ್ಯ ನಮಗಿಲ್ಲ. ಎರಡರಲ್ಲಿ ಒಂದು ಸಿಕ್ಕರೂ ಸಾಕು ಅಂತ ಯಾರಾದರೂ ಕೇಳಿದರೆ, ನಾನು ವೆಲಾಸ್ಕೆಸ್‌ನದ್ದನ್ನು ಬಿಟ್ಟು ಇನ್ನೊಂದನ್ನು ಕೇಳುತ್ತೇನೆ.

ಅದೇ ವರ್ಷ ಇವನು ಸೋಲ್ರೆಯ ಕೌಂಟ್ ಜಾನ್ ದೆ ಕ್ರೋಯ್‌ನ ಭಾವಚಿತ್ರವನ್ನೂ ಬರೆದ. ಈ ಕೌಂಟ್ ಬೇರೆ ಯಾರೂ ಅಲ್ಲ, ಅದೇ ಅಂಗರಕ್ಷಕ ದಳದ ಮುಖ್ಯಸ್ಥ, ಅಂದರೆ ಚಿತ್ರಕಾರನ ಮೇಲಧಿಕಾರಿ. ಫ್ಲಾಂಡರ್ಸ್ ಮೂಲದವರು ಮ್ಯಾಡ್ರಿಡ್‌ನಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕೌಂಟ್‌ನ ಮನೆಗೆ ಇವನು ಬರೆದುಕೊಟ್ಟದ್ದು ಒಂದೆರಡಲ್ಲ. ಅದರಲ್ಲಿ ಎರಡು ಉದ್ದುದ್ದನೆಯ ಚಿತ್ರಗಳು ಮ್ಯಾಡ್ರಿಡ್‌ನ ಪ್ರಾಡೊ ವಸ್ತುಸಂಗ್ರಹಾಲಯದಲ್ಲಿವೆ. ಎರಡರಲ್ಲೂ ಮೇಲೆ ಹೂದಾನಿ, ತಿಂಡಿ ಇರುವ ಮೇಜು, ಕೆಳಗೆ ಒಂದರಲ್ಲಿ ನಾಯಿ, ಇನ್ನೊಂದರಲ್ಲಿ ನಾಯಿಮರಿ. ಬಾಗಿಲಿನ ಆಚೆ ಈಚೆ ತೂಗುಹಾಕಲು ಮಾಡಿದ್ದಂತೆ. ಬಂದವರಿಗೆ ನಿಜವಾದ ಮೇಜು, ನಿಜವಾದ ನಾಯಿ ಅನ್ನಿಸಬೇಕು, ಅದು ಆಟ. ಇದೇ ಕೌಂಟ್‌ನ ಬಳಿ ಇದ್ದ ಇನ್ನೊಂದು ಚಿತ್ರ ಹೂವಿನ ದೇವತೆ ಫ್ಲೋರಾಳದ್ದು, 1627ರದ್ದು, ಅದೂ ಪ್ರಾಡೊದಲ್ಲಿದೆ. ಇಲ್ಲಿ ಮಾತ್ರ ನಾನು ಪಾಚೆಕೊ ಪಕ್ಷ. ಹೂವುಗಳು ಈಗಷ್ಟೇ ಕಿತ್ತ ಹಾಗಿವೆ. ದೇವತೆ ಮಾತ್ರ ಯಾರೋ ಅಲುಗಾಡಬೇಡ ಅಂತ ಗದರಿಸಿ ಕೂರಿಸಿದ ಹಾಗೆ ಕೂತಿದ್ದಾಳೆ.

ಹಾಗಾದರೆ ಪಾಚೆಕೊ ಹೇಳಿದ್ದೇ ಸರಿಯಾ? ಅದೇ ಸಂಗ್ರಹಾಲಯದಲ್ಲಿರುವ ಇನ್ನೊಂದು ಚಿತ್ರ ನೋಡಿಬಿಟ್ಟು ಹೇಳಿ. ಸುಮಾರು 1626ರದ್ದು. ಅರಮನೆಯಲ್ಲಿದ್ದ ಒಬ್ಬ ಕುಬ್ಜನ ಭಾವಚಿತ್ರ.

ಸ್ಪೇನಿನ ಅರಮನೆಯಲ್ಲಿ ಕುಬ್ಜರನ್ನು ಮನರಂಜನೆಗೆ, ಜೊತೆಗಿರುವುದಕ್ಕೆ ಇಟ್ಟುಕೊಳ್ಳುತ್ತಿದ್ದರು. ಚಿತ್ರಗಳಲ್ಲೂ ಅವರು ಬರುತ್ತಾರೆ, ಹೆಚ್ಚಾಗಿ ದೊಡ್ಡವರ ಪಕ್ಕದಲ್ಲಿ. ವಿಲ್ಯಾಂದ್ರಾಂದೊ 1620ರ ಸುಮಾರಿಗೆ ಯುವರಾಜ ಫಿಲಿಪ್‌ನನ್ನು ಸೊಪ್ಲಿಯೊ ಅನ್ನುವ ಕುಬ್ಜನ ಜೊತೆ ಬರೆದಿದ್ದಾನೆ. ಯುವರಾಜನ ಕೈ ಸೊಪ್ಲಿಯೊನ ತಲೆಯ ಮೇಲಿದೆ. ಬೇರೆ ಚಿತ್ರಗಳಲ್ಲಿ ಕುರ್ಚಿಯ ಮೇಲೆ ಇಡುತ್ತಿದ್ದ ಕೈಯನ್ನು ಇಲ್ಲಿ ಮನುಷ್ಯನ ತಲೆಯ ಮೇಲೆ ಇಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ. ಅದನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿ.

ವಾನ್ ದೆರ್ ಹಾಮೆನ್‌ನ ಚಿತ್ರದಲ್ಲಿ ಯಾರ ಕೈಯೂ ಇಲ್ಲ. ಆ ಮನುಷ್ಯ ಒಬ್ಬನೇ ನಿಂತಿದ್ದಾನೆ. ಹಸಿರು ಬಟ್ಟೆ, ಅದರ ಮೇಲೆ ಚಿನ್ನದ ಜರಿಪಟ್ಟಿ. ಸೊಂಟದಲ್ಲಿ ಕತ್ತಿ. ಕೈಯಲ್ಲಿ ದಂಡ, ಸೇನಾಪತಿಗಳು ಹಿಡಿಯುವಂಥದ್ದು. ಈ ದಂಡ ಅರಮನೆಯವರಿಗೆ ತಮಾಷೆಯೇ ಇರಬೇಕು, ನೋಡಿ ನಮ್ಮ ಸೇನಾಪತಿ ಅಂತ. ಆದರೆ ಬರೆದವನು ನಕ್ಕಿಲ್ಲ. ಹಿಂದೆ ಗಾಢ ಖಾಲಿ ಗೋಡೆ, ಮಿಠಾಯಿ ಚಿತ್ರಗಳಲ್ಲಿ ಇದ್ದ ಹಾಗೆ. ಒಂದು ಕಡೆಯಿಂದ ಬೀಳುವ ಜೋರು ಬೆಳಕು. ಜರಿಯ ಒಂದೊಂದು ಹೆಣಿಗೆಯನ್ನೂ ಎಣಿಸಬಹುದು. ಅಲ್ಲಿಂದ ಮೇಲೆ ಕಣ್ಣು ಹಾಯಿಸಿದರೆ, ಜರಿಗೆ ಕೊಟ್ಟಷ್ಟೇ ಗಮನವನ್ನು ಮುಖಕ್ಕೂ ಕೊಟ್ಟಿದ್ದಾನೆ. ಆ ಮನುಷ್ಯ ನೇರವಾಗಿ ನಿಮ್ಮನ್ನೇ ನೋಡುತ್ತಾನೆ. ಕುಬ್ಜರನ್ನು ಒಂಟಿಯಾಗಿ ಬರೆದವರು ಮೊದಲೂ ಇದ್ದರು. ಆದರೆ ಒಬ್ಬ ಕೌಂಟ್‌ಗೆ ಸಲ್ಲುವ ಭಂಗಿ, ಸಲ್ಲುವ ಮರ್ಯಾದೆಯಲ್ಲಿ ನಿಲ್ಲಿಸಿದ್ದು ನನಗೆ ಇಲ್ಲಿ ಎದ್ದು ಕಾಣುತ್ತದೆ. ಅರಮನೆಯ ಕುಬ್ಜರ ಚಿತ್ರ ಅಂದಕೂಡಲೇ ವೆಲಾಸ್ಕೆಸ್ ನೆನಪಾಗುತ್ತಾನಲ್ಲ, ಅವನ ಸೆಬಾಸ್ಟಿಯನ್ ದೆ ಮೋರಾ ಬಂದದ್ದು 1640ರ ದಶಕದಲ್ಲಿ. ಅಷ್ಟು ಹೊತ್ತಿಗೆ ವಾನ್ ದೆರ್ ಹಾಮೆನ್ ಸತ್ತು ಹತ್ತು ವರ್ಷ ದಾಟಿತ್ತು.

ನನ್ನ ಅಭಿಪ್ರಾಯ ಇಷ್ಟು. ಪಾಚೆಕೊ ಹಣ್ಣು ಒಂದು ಕಡೆ, ಮುಖ ಒಂದು ಕಡೆ ಅಂತ ಭಾಗ ಮಾಡಿದ. ಆದರೆ ಈ ಮನುಷ್ಯನಿಗೆ ಇದ್ದದ್ದು ಒಂದೇ ಕಣ್ಣು, ಒಂದೇ ಬಗೆಯ ನೋಟ. ಎದುರಿಗೆ ಇರುವುದನ್ನು ಕೂರಿಸಿ, ಬೆಳಕು ಹಾಕಿ, ಅವಸರ ಮಾಡದೆ ನೋಡುವುದು. ನಿಜವಾಗಿ ಎದುರಿಗೆ ಯಾರಾದರೂ ಇದ್ದಾಗ ಇದು ಅದ್ಭುತವಾಗಿ ನಡೆಯುತ್ತದೆ. ಕಲ್ಪಿಸಿಕೊಂಡು ಬರೆಯಬೇಕಾದ ದೇವತೆಗಳ ಹತ್ತಿರ ಬಂದಾಗ ಕೈ ಕಟ್ಟುತ್ತದೆ. ಭಾವಚಿತ್ರಕಾರನಿಗೆ ಬೇಕಾಗಿರುವುದು ಮೊದಲನೆಯದೇ ಅಲ್ವಾ?

1627ರಲ್ಲಿ ಇನ್ನೊಂದು ಅವಕಾಶ ಬಂತು. ಬಾರ್ತೊಲೊಮೆ ಗೊನ್ಸಾಲೆಸ್ ತೀರಿಕೊಂಡು ರಾಜನ ಚಿತ್ರಕಾರರ ಒಂದು ಹುದ್ದೆ ಖಾಲಿಯಾಯಿತು. ಅರ್ಜಿ ಹಾಕಿದವರು ಬಹಳ, ಅವರಲ್ಲಿ ವಾನ್ ದೆರ್ ಹಾಮೆನ್ ಕೂಡ ಒಬ್ಬ. ಅಭಿಪ್ರಾಯ ಕೊಡಬೇಕಾದವರು ಆಗಲೇ ಹುದ್ದೆಯಲ್ಲಿದ್ದ ಚಿತ್ರಕಾರರು, ಅಂದರೆ ಕಾರ್ದೂಚೊ, ಕಾಹೆಸ್, ಮತ್ತು ಹೌದು, ವೆಲಾಸ್ಕೆಸ್. ಕೆಲಸ ಸಿಗಲಿಲ್ಲ. ಕವಿಗಳ ಸಾನೆಟ್‌ಗಳಾಗಲಿ, ಕಾರ್ಡಿನಲ್‌ನ ಮೆಚ್ಚುಗೆಯಾಗಲಿ, ಮೇಲಧಿಕಾರಿ ಕೌಂಟ್‌ನ ಸ್ನೇಹವಾಗಲಿ ಉಪಯೋಗಕ್ಕೆ ಬರಲಿಲ್ಲ.

ಮರುವರ್ಷ, 1628ರಲ್ಲಿ, ರೂಬೆನ್ಸ್ ಬಂದ! ಫ್ಲಾಂಡರ್ಸ್‌ನ ಚಿತ್ರಕಾರರಲ್ಲಿ ಅಸಲಿ ದೊರೆ, ರಾಯಭಾರದ ಕೆಲಸದ ಮೇಲೆ. ಬಂದವನು ರಾಜನ ಚಿತ್ರವನ್ನೂ ಬರೆದ. ಬೇರೆ ಯಾರಿಗೂ ಇಲ್ಲ ಅಂದಿದ್ದ ಬಾಗಿಲು ರೂಬೆನ್ಸ್‌ಗೆ ತಾನಾಗಿ ತೆರೆಯಿತು. ಮ್ಯಾಡ್ರಿಡ್‌ನಲ್ಲೇ ಹುಟ್ಟಿ ಬೆಳೆದ ಬ್ರಸೆಲ್ಸ್ ಸೈನಿಕನ ಮಗನಿಗೆ ಇದನ್ನು ನೋಡಿ ಏನನ್ನಿಸಿತೋ.

ಆಮೇಲೆ ಹೆಚ್ಚು ಕಾಲ ಉಳಿಯಲಿಲ್ಲ. 1631ರ ಮಾರ್ಚ್ 28ರಂದು ತೀರಿಕೊಂಡ. ಬದುಕಿದ್ದಿದ್ದರೆ ಸ್ಪೇನಿನಲ್ಲೇ ಈ ಕಲೆಯಲ್ಲಿ ಎಲ್ಲರಿಗಿಂತ ದೊಡ್ಡವನಾಗುತ್ತಿದ್ದ ಅಂತ ಅವನ ಗೆಳೆಯ, ನಾಟಕಕಾರ ಪೆರೆಸ್ ದೆ ಮೊಂತಾಲ್ಬಾನ್ ಬರೆದ. ಗೆಳೆಯನ ಮಾತು, ಸ್ವಲ್ಪ ಉಬ್ಬಿಸಿದ್ದು ಸಹಜ. ಪಾಚೆಕೊನ ಪುಸ್ತಕ ಅಚ್ಚಾದದ್ದು 1649ರಲ್ಲಿ, ಪಾಚೆಕೊ ಸತ್ತ ಮೇಲೆ. ಉಳಿದುಕೊಂಡದ್ದು ಮಾತ್ರ ಅವನ ಮಾತು. ಭಾವಚಿತ್ರಗಳೋ, ಕೆಲವು ಕಳೆದುಹೋದವು, ಕೆಲವಕ್ಕೆ ಬೇರೆಯವರ ಹೆಸರು ಅಂಟಿಕೊಂಡಿತು. ಅವುಗಳನ್ನು ಮತ್ತೆ ಒಂದೊಂದಾಗಿ ಹುಡುಕಿ ಕೂಡಿಸಿದ ದೊಡ್ಡ ಕೆಲಸ ಅಮೆರಿಕದ ಕಲಾ ಇತಿಹಾಸಕಾರ ವಿಲಿಯಂ ಜೋರ್ಡನ್ ಅವರದ್ದು. 2005ರಲ್ಲಿ ಮ್ಯಾಡ್ರಿಡ್‌ನ ಅರಮನೆಯಲ್ಲೇ ವಾನ್ ದೆರ್ ಹಾಮೆನ್‌ನ ಚಿತ್ರಗಳ ಪ್ರದರ್ಶನ ಆಯಿತು, ಆಮೇಲೆ ಅದು ಡಲ್ಲಾಸ್‌ಗೂ ಹೋಯಿತು. ಬದುಕಿದ್ದಾಗ ಸಿಗದ ಅರಮನೆ ಪ್ರವೇಶ.

ಆ ಹುಡುಕಾಟದಲ್ಲಿ ಇವನ ಹೆಸರಿಗೆ ಬಂದ ಒಂದು ಚಿತ್ರದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಕತಾಲಿನಾ ದೆ ಎರಾವ್ಸೊ ಅನ್ನುವವಳ ಭಾವಚಿತ್ರ. ಬಾಸ್ಕ್ ನಾಡಿನ ಸಾನ್ ಸೆಬಾಸ್ಟಿಯನ್‌ನವಳು. ಕ್ರೈಸ್ತ ಮಠದಿಂದ ಓಡಿಹೋಗಿ, ಗಂಡಸಿನ ಬಟ್ಟೆ ಹಾಕಿಕೊಂಡು, ಹಡಗು ಹತ್ತಿ, ದಕ್ಷಿಣ ಅಮೆರಿಕದಲ್ಲಿ ಸೈನಿಕನಾಗಿ ಹೋರಾಡಿ, ಕೊನೆಗೆ ಗುಟ್ಟು ಬಯಲಾಗಿ ವಾಪಸ್ ಬಂದು, ತನ್ನ ಸೇವೆಗೆ ಪಿಂಚಣಿ ಕೊಡಿ ಅಂತ ರಾಜ ಫಿಲಿಪ್‌ಗೇ ಅರ್ಜಿ ಹಾಕಿ ಪಡೆದವಳು. 1625–26ರ ಹೊತ್ತಿಗೆ ಊರೆಲ್ಲ ಅವಳದ್ದೇ ಮಾತು. ಚಿತ್ರದಲ್ಲಿ ಎದೆಯವರೆಗೆ ಮಾತ್ರ ಇದೆ. ಮೋಟು ಕೂದಲು, ಕುತ್ತಿಗೆಯ ಸುತ್ತ ಸೈನಿಕರ ಲೋಹದ ಪಟ್ಟಿ, ದಣಿದ, ಯಾರನ್ನೂ ಲೆಕ್ಕಕ್ಕಿಡದ ಮುಖ. ಚಂದ ಮಾಡುವ ಪ್ರಯತ್ನವೇ ಇಲ್ಲ. ಕಾರ್ಡಿನಲ್‌ಗೆ ಬೇಡವಾಗಿದ್ದ ಬಿರುಸು ಅಂದರೆ ಹೀಗೇ ಇದ್ದಿರಬೇಕು ಅನ್ನಿಸುವಷ್ಟು ನೇರ. ಜೋರ್ಡನ್ ಇದನ್ನು ವಾನ್ ದೆರ್ ಹಾಮೆನ್‌ನದ್ದು ಅಂದರು.

ಅದಕ್ಕೆ ಮುಂಚೆ ಬಹಳ ಕಾಲ ಈ ಚಿತ್ರದ ಮೇಲೆ ಇದ್ದ ಹೆಸರು ಯಾರದ್ದು ಗೊತ್ತಾ? ಪಾಚೆಕೊನದ್ದು.

ಮ್ಯಾಡ್ರಿಡ್‌ಗೆ ಹೋಗುವವರಿಗೆ ಒಂದು ಮಾತು. ಪ್ರಾಡೊದಲ್ಲಿ ಕುಬ್ಜನ ಚಿತ್ರ ನೋಡಿದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಅಲ್ಕಾಲಾ ರಸ್ತೆಯಲ್ಲಿ, ಪುಎರ್ತಾ ದೆಲ್ ಸೋಲ್‌ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಸಾನ್ ಫರ್ನಾಂದೊ ಕಲಾ ಅಕಾಡೆಮಿಯ ಸಂಗ್ರಹಾಲಯ ಇದೆ. ಪ್ರಾಡೊದ ಜನಜಂಗುಳಿ ಅಲ್ಲಿ ಇರಲ್ಲ. ಫ್ರಾನ್ಸಿಸ್ಕೊ ದೆ ಲಾ ಕುಎವಾ ಅನ್ನುವ ವಕೀಲ ಕವಿಯ ಭಾವಚಿತ್ರ ಅಲ್ಲಿದೆ, 1625ರದ್ದು, ವಾನ್ ದೆರ್ ಹಾಮೆನ್ ಬರೆದದ್ದು. ಹೆಸರಾಂತ ಚಿತ್ರಕಾರ ಗೋಯಾನ ಚಿತ್ರಗಳನ್ನು ನೋಡಲು ಅಂತ ಹೋದವರು ಇದರ ಮುಂದೆ ಹಾದುಹೋಗಿಬಿಡುತ್ತಾರೆ, ಒಂದೈದು ನಿಮಿಷ ಇದಕ್ಕೂ ಇಟ್ಟುಕೊಳ್ಳಿ.